ದಿಬ್ಬದೊಳಗಿನ ಊರು



ನಾಟಕಗಳಿಗೆ ರಂಗಸಜ್ಜಿಕೆ ಮಾಡುವುದು ನನ್ನ ಕಸುಬು. ಪ್ಲೈವುಡ್ಡು, ಮರದ ಪಟ್ಟಿ, ಗೋಣಿತಾಟು, ಬಣ್ಣ, ಮೊಳೆ, ಇಷ್ಟರಲ್ಲೇ ಅರಮನೆಯನ್ನೂ ಕಟ್ಟಬೇಕು, ಗುಡಿಸಲನ್ನೂ ಕಟ್ಟಬೇಕು. ಆಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಬೇಕು. ನಮ್ಮ ಕೆಲಸಕ್ಕೆ ಒಂದು ಅನುಕೂಲವಿದೆ. ಪ್ರೇಕ್ಷಕರು ಎದುರಿಗೆ ಕುರ್ಚಿಯಲ್ಲಿ ಕೂತಿರುತ್ತಾರೆ. ಅವರಿಗೆ ಕಾಣುವ ಮಗ್ಗುಲನ್ನು ಚೆಂದ ಮಾಡಿದರೆ ಸಾಕು. ಹಿಂದೆ ಆಸರೆ ಕೊಟ್ಟ ಕೋಲು, ಬಿಗಿದ ಹಗ್ಗ ಹಾಗೇ ಇರಬಹುದು. ಆದರೆ ಪ್ರೇಕ್ಷಕರೇ ಎದ್ದು ಬಂದು ರಂಗದ ಮೇಲೆ ಓಡಾಡತೊಡಗಿದರೆ? ಗೋಡೆ ಮುಟ್ಟಿ ನೋಡಿದರೆ, ಬಾಗಿಲು ತಳ್ಳಿ ಆಚೆ ಇಣುಕಿದರೆ, ಅಲ್ಲೇ ಕೂತು ಊಟ ಮಾಡಿದರೆ? ಆಗಲೂ ಅವರಿಗೆ ಆ ಲೋಕದೊಳಗೇ ಇದ್ದೇವೆ ಎನ್ನಿಸಬೇಕಾದರೆ ಕಟ್ಟುವವನು ಏನೇನು ಮಾಡಬೇಕು? ಎಪ್ಪತ್ತು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿರುವ ಒಂದು ಜಾಗದ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ಸಮೀಪದ ಅನಾಹೈಮ್ ಊರಿನಲ್ಲಿರುವ ಡಿಸ್ನಿಲ್ಯಾಂಡ್ ಅದು.

ಅದನ್ನು ಕಟ್ಟಿಸಿದ ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಮಕ್ಕಳು ತಿರುಗುವ ಮರದ ಕುದುರೆಗಳ ಮೇಲೆ ಸುತ್ತು ಹಾಕುವಾಗ ಇವರು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕಾಯಬೇಕಿತ್ತು. ದೊಡ್ಡವರೂ ಮಕ್ಕಳೂ ಒಟ್ಟಿಗೇ ಸುಖಪಡುವ ಜಾಗ ಯಾಕಿರಬಾರದು ಎಂಬ ಯೋಚನೆ ಆ ಬೆಂಚಿನ ಮೇಲೆ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. 1953ರ ಸೆಪ್ಟೆಂಬರಿನಲ್ಲಿ ಅಣ್ಣ ರಾಯ್ ಡಿಸ್ನಿ ಬಂಡವಾಳ ಕೇಳಲು ನ್ಯೂಯಾರ್ಕಿಗೆ ಹೊರಡಬೇಕಾಗಿ ಬಂತು. ಕೈಯಲ್ಲಿ ತೋರಿಸಲು ಒಂದು ಚಿತ್ರವಿಲ್ಲ. ವಾಲ್ಟ್ ಅವರು ಹರ್ಬ್ ರೈಮನ್ ಎಂಬ ಕಲಾವಿದರನ್ನು ಕರೆಸಿ, ಪಕ್ಕದಲ್ಲಿ ನಿಂತು ವಿವರಿಸುತ್ತ, ಒಂದು ಶನಿವಾರ ಭಾನುವಾರದಲ್ಲಿ ಇಡೀ ಪಾರ್ಕಿನ ಹಕ್ಕಿನೋಟ ಬರೆಸಿದರು. ಇಲ್ಲದ ಊರೊಂದಕ್ಕೆ ಮೊದಲು ನಕ್ಷೆ ಹುಟ್ಟಿದ್ದು ಹೀಗೆ. 1954ರ ಜುಲೈಯಲ್ಲಿ, ಕಿತ್ತಳೆ ತೋಟಗಳಿದ್ದ ಸುಮಾರು 160 ಎಕರೆ ನೆಲದಲ್ಲಿ ಕೆಲಸ ಶುರುವಾಯಿತು. 1955ರ ಜುಲೈ 17ಕ್ಕೆ ಬಾಗಿಲು ತೆರೆಯಿತು. ಮೊದಲ ದಿನ ಸುಡುಬಿಸಿಲು. ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು, ಕುಡಿಯುವ ನೀರು ಸಾಲಲಿಲ್ಲ, ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದರು. ಮೊದಲ ಪ್ರದರ್ಶನದ ಅವಾಂತರ ಎಂಥದೆಂದು ನಾಟಕದವರಿಗೆ ಚೆನ್ನಾಗಿ ಗೊತ್ತು.

ಈ ಊರನ್ನು ಕಟ್ಟಲು ಡಿಸ್ನಿ ಹೆಚ್ಚಾಗಿ ನೆಚ್ಚಿಕೊಂಡದ್ದು ಸಿನಿಮಾದ ಕಲಾ ನಿರ್ದೇಶಕರನ್ನು. ಡಿಕ್ ಅರ್ವೈನ್, ಮಾರ್ವಿನ್ ಡೇವಿಸ್, ಬಿಲ್ ಮಾರ್ಟಿನ್, ಇವರೆಲ್ಲ ಟ್ವೆಂಟಿಯೆತ್ ಸೆಂಚುರಿ ಫಾಕ್ಸ್ ಸ್ಟುಡಿಯೋದಲ್ಲಿ ಪಳಗಿ ಬಂದವರು. ಯಾರು ಎಲ್ಲಿ ನಿಂತರೆ ಏನು ಕಾಣಬೇಕು, ಏನು ಕಾಣಬಾರದು ಎಂದು ಹಗಲಿರುಳು ಯೋಚಿಸುವ ಜಾತಿಯ ಜನ. ಅವರು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಒಂದು ಮಣ್ಣಿನ ದಿಬ್ಬ. ಪಾರ್ಕಿನ ಸುತ್ತಲೂ ಮಣ್ಣು ಒಟ್ಟಿ, ಮರಗಿಡ ಬೆಳೆಸಿ, ಅದರ ಮೇಲೆ ಉಗಿಬಂಡಿಯ ಹಳಿ ಹಾಸಿದರು. ಹೊರಗಿನ ರಸ್ತೆ, ಕರೆಂಟಿನ ತಂತಿ, ಜಾಹೀರಾತಿನ ಬೋರ್ಡು, ಕಾರು ನಿಲ್ಲಿಸುವ ಬಯಲು ಎಲ್ಲವೂ ಮರೆಯಾದವು. ಒಳಗೆ ಹೋಗಬೇಕಾದರೆ ಆ ದಿಬ್ಬದ ಅಡಿಯ ಚಿಕ್ಕ ಸುರಂಗವನ್ನು ದಾಟಬೇಕು. ಇಂದಿನ ದಿನವನ್ನು ಇಲ್ಲಿಗೆ ಬಿಟ್ಟು ಹೋಗುತ್ತಿದ್ದೀರಿ ಎಂಬರ್ಥದ ಫಲಕ ಬಾಯಿಯಲ್ಲೇ ಇದೆ. ನಾಲ್ಕಾರು ಹೆಜ್ಜೆ ನೆರಳು, ಆಮೇಲೆ ಬೆಳಕು, ಎದುರಿಗೆ ಇನ್ನೊಂದೇ ಕಾಲದ ಪೇಟೆಬೀದಿ. ಸಭಾಂಗಣದಲ್ಲಿ ಮೂರನೇ ಗಂಟೆ ಹೊಡೆದು ದೀಪ ಆರಿದಾಗ ಮೈಗೆ ಏನಾಗುತ್ತದೋ ಅದು ಅಲ್ಲಿ ನಡೆಯುತ್ತಿರುವಾಗಲೇ ಆಗುತ್ತದೆ. ಗದ್ದಲ ಹಿಂದುಳಿಯಿತು ಎಂಬುದು ಬುದ್ಧಿಗೆ ಹೊಳೆಯುವ ಮೊದಲೇ ಹೆಗಲು ಸಡಿಲವಾಗಿರುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಇಂಥ ಜಾಗಗಳ ಬಗ್ಗೆ ಮಾತೆತ್ತಿದರೆ ಎಲ್ಲರೂ ಯಂತ್ರಗಳ ಬಗ್ಗೆಯೇ ಹೇಳುತ್ತಾರೆ. ಎಷ್ಟು ಎತ್ತರದಿಂದ ಬೀಳಿಸುತ್ತದೆ, ಎಷ್ಟು ವೇಗದಲ್ಲಿ ತಿರುಗಿಸುತ್ತದೆ ಎಂದು. ಯಂತ್ರ ಕೊಡುವ ಪುಳಕ ಎರಡು ನಿಮಿಷದ್ದು. ಇನ್ನೊಂದು ಲೋಕದಲ್ಲಿದ್ದೇನೆ ಎಂಬ ಭಾವ ದಿನವಿಡೀ ಉಳಿಯಬೇಕಾದರೆ, ಅದನ್ನು ಸುಳ್ಳು ಮಾಡುವ ಯಾವುದೂ ಕಣ್ಣಿಗೆ ಬೀಳಬಾರದು. ಮರೆಮಾಡುವ ಕೆಲಸ ತೋರಿಸುವ ಕೆಲಸಕ್ಕಿಂತ ದೊಡ್ಡದು. ಡಿಸ್ನಿಲ್ಯಾಂಡಿನಲ್ಲಿ ಕೌಬಾಯ್ ವೇಷದ ನೌಕರನೊಬ್ಬ ತನ್ನ ಜಾಗಕ್ಕೆ ಹೋಗಲು ಭವಿಷ್ಯದ ಲೋಕವಾದ ಟುಮಾರೋಲ್ಯಾಂಡನ್ನು ಹಾದುಹೋದದ್ದು ವಾಲ್ಟ್ ಡಿಸ್ನಿಗೆ ಸಹಿಸಲಾಗಲಿಲ್ಲ ಎಂಬ ಮಾತು ಪ್ರಸಿದ್ಧವಾಗಿದೆ. ಮುಂದೆ ಫ್ಲೋರಿಡಾದಲ್ಲಿ, 1971ರಲ್ಲಿ ತೆರೆದ ಎರಡನೆಯ ಪಾರ್ಕಿನಲ್ಲಿ, ಸಂದರ್ಶಕರು ಓಡಾಡುವ ನೆಲದ ಕೆಳಗೆ ನೌಕರರಿಗೆಂದೇ ಸುರಂಗಬೀದಿಗಳನ್ನು ಕಟ್ಟಿದರು. ಅಲ್ಲಿ ಸುತ್ತಮುತ್ತ ಬೇರೆಯವರ ಹೋಟೆಲುಗಳು ತಲೆ ಎತ್ತಬಾರದೆಂದು ಕೊಂಡಿದ್ದ ಜಮೀನೇ ಸುಮಾರು 27,000 ಎಕರೆ.

ಸುರಂಗ ದಾಟಿದ ಮೇಲೆ ಸಿಗುವ ಮೇನ್ ಸ್ಟ್ರೀಟ್ ಬಗ್ಗೆ ಎರಡು ಮಾತು. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದ ಸಣ್ಣ ಪಟ್ಟಣವೊಂದರ ಪೇಟೆಬೀದಿ ಅದು. ನೆಲ ಅಂತಸ್ತು ಹೆಚ್ಚುಕಡಿಮೆ ನಿಜವಾದ ಅಳತೆಯಲ್ಲಿದೆ, ಬಾಗಿಲಲ್ಲಿ ತಲೆ ತಗ್ಗಿಸದೆ ಹೋಗಬಹುದು. ಮೇಲಿನ ಅಂತಸ್ತುಗಳು ಮೇಲೆ ಹೋದಂತೆ ಕುಗ್ಗುತ್ತವೆ. ಬೀದಿಯ ತುದಿಯಲ್ಲಿರುವ ಕೋಟೆಮನೆ 77 ಅಡಿ ಎತ್ತರ, ನಮ್ಮ ಪಟ್ಟಣಗಳ ಏಳು ಅಂತಸ್ತಿನ ಅಪಾರ್ಟ್‌ಮೆಂಟಿನಷ್ಟು. ಆದರೆ ಕೆಳಗೆ ದೊಡ್ಡ ಕಲ್ಲು, ಮೇಲಕ್ಕೆ ಹೋದಂತೆ ಚಿಕ್ಕ ಕಲ್ಲು ಕೂರಿಸಿದ್ದರಿಂದ ಅದು ಮುಗಿಲಿಗೆ ಹತ್ತಿದಂತೆ ಕಾಣುತ್ತದೆ. ನಮ್ಮ ಕಂಪನಿ ನಾಟಕಗಳ ಪರದೆ ಬರೆಯುವವರಿಗೆ ಈ ಗುಟ್ಟು ಹಳೆಯದು. ಹತ್ತಡಿ ಬಟ್ಟೆಯ ಮೇಲೆ ಮೈಲುದ್ದದ ರಾಜಬೀದಿ ಬರೆದವರು ಅವರು. ಇಲ್ಲಿ ಆ ಪರದೆಯೊಳಕ್ಕೆ ನಾವು ನಡೆದು ಹೋಗುತ್ತೇವೆ. ಹಾಗೆ ನಡೆದಾಗ ಒಂದು ವಿಚಿತ್ರ ಸಮಾಧಾನ ಹುಟ್ಟುತ್ತದೆ. ನಿಜವಾದ ಪೇಟೆಯಲ್ಲಿ ಕಟ್ಟಡಗಳು ನಮ್ಮನ್ನು ಕುಬ್ಜರನ್ನಾಗಿಸುತ್ತವೆ. ಈ ಬೀದಿ ಮೈಮೇಲೆ ಬರುವುದಿಲ್ಲ. 1939ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿ, 2004ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯ ಒಡನಾಟದಲ್ಲೇ ಇದ್ದ ವಿನ್ಯಾಸಕಾರ ಜಾನ್ ಹೆಂಚ್ ಇದನ್ನೇ ಹೇಳುತ್ತಿದ್ದರು: ಇಲ್ಲಿಗೆ ಬಂದವರಿಗೆ ಎಲ್ಲ ಸರಿಯಿದೆ, ನಿಮಗೇನೂ ಆಗುವುದಿಲ್ಲ ಎಂಬ ಭರವಸೆ ಸಿಗಬೇಕು ಎಂದು. ಬಣ್ಣಗಳ ಆಯ್ಕೆಯಲ್ಲಿ ಅವರದು ಎತ್ತಿದ ಕೈ.

ಬೀದಿಯ ತುದಿಯ ವೃತ್ತದಿಂದ ಒಂದೊಂದು ದಾರಿ ಒಂದೊಂದು ಲೋಕಕ್ಕೆ ಹೋಗುತ್ತದೆ. ಕಾಡಿನ ಲೋಕಕ್ಕೆ ತಿರುಗಿದರೆ ಚಿಕ್ಕ ಸೇತುವೆ ಬರುತ್ತದೆ. ಕಾಲಡಿಯ ನೆಲ ಬದಲಾಗುತ್ತದೆ, ಬಿದಿರು ಎರಡೂ ಕಡೆಯಿಂದ ಒತ್ತಿ ಬರುತ್ತದೆ, ಹಿಂದಿನ ಬ್ಯಾಂಡಿನ ಸದ್ದು ಯಾವಾಗ ಇಳಿಯಿತು, ಈ ಡೋಲಿನ ಸದ್ದು ಯಾವಾಗ ಏರಿತು ಎಂದು ಹೇಳಲು ಬರುವುದಿಲ್ಲ. ಕಸದ ಡಬ್ಬಿಯ ಬಣ್ಣವೂ ಆಯಾ ಲೋಕಕ್ಕೆ ಬೇರೆ. ಮುಚ್ಚಿಡಲಾಗದ ಕಂಬ, ಪೆಟ್ಟಿಗೆ, ಬೇಲಿಗಳಿಗೆ ಕಣ್ಣು ನಿಲ್ಲದಂಥ ಮಂಕು ಹಸಿರು ಬಳಿದಿದ್ದಾರೆ. ತಿಂಡಿ ಅಂಗಡಿಯ ಮುಂದೆ ಹೋದರೆ ವೆನಿಲ್ಲಾ ಪರಿಮಳ. ಸಂದರ್ಶಕರು ಇವು ಯಾವುದನ್ನೂ ಬಿಡಿಬಿಡಿಯಾಗಿ ಗಮನಿಸುವುದಿಲ್ಲ. ಇಲ್ಲಿ ಏನೋ ಹಿತವಾಗಿದೆ ಎಂದಷ್ಟೇ ಅವರಿಗೆ ಗೊತ್ತಾಗುವುದು.

ನಾನು ಅಲ್ಲಿಗೆ ಹೋದದ್ದು ಅವ್ವ ಮತ್ತು ಮಗಳ ಜೊತೆ. ಅಲ್ಲೇ ಹತ್ತಿರದಲ್ಲಿ ನೆಲೆಸಿರುವ ತಂಗಿ ಟಿಕೆಟ್ ಮಾಡಿಸಿದ್ದಳು. ದಾವಣಗೆರೆಯ ಕಂಪನಿ ನಾಟಕಗಳ ಮುಂದೆ ಚಾಪೆ ಹಾಸಿ ಕೂತು ಬೆಳೆದವಳು ಅವ್ವ. ಅವಳನ್ನು ಮೊದಲು ಕರೆದೊಯ್ದದ್ದು ಹಾಂಟೆಡ್ ಮ್ಯಾನ್ಷನ್ ಎಂಬ ದೆವ್ವದ ಬಂಗಲೆಗೆ. 1969ರ ಆಗಸ್ಟಿನಲ್ಲಿ ತೆರೆದ ಬಂಗಲೆ ಅದು. ಮೊದಲು ಒಂದು ಎಂಟು ಮೂಲೆಯ ಕೋಣೆಗೆ ಬಿಡುತ್ತಾರೆ. ಗೋಡೆಯ ಮೇಲೆ ದೊಡ್ಡ ದೊಡ್ಡ ಚಿತ್ರಪಟಗಳು. ಬಾಗಿಲು ಮುಚ್ಚುತ್ತದೆ. ಬಂದ ಬಾಗಿಲು ಯಾವುದೆಂದು ತಿಳಿಯದಂತೆ ಗೋಡೆಯಲ್ಲಿ ಬೆರೆತುಹೋಗುತ್ತದೆ. ಆಮೇಲೆ ಚಿತ್ರಪಟಗಳು ಉದ್ದುದ್ದ ಬೆಳೆಯತೊಡಗುತ್ತವೆ. ಕೊಡೆ ಹಿಡಿದು ನಿಂತ ಹುಡುಗಿಯ ಕಾಲ ಕೆಳಗೆ ಏನಿದೆ ಎಂಬುದು ಆಗ ಕಾಣುತ್ತದೆ: ಹರಿಯುವ ಹಗ್ಗ, ಅದರಡಿ ಬಾಯ್ದೆರೆದ ಮೊಸಳೆ. ಅವ್ವ ನನ್ನ ಮುಂಗೈ ಹಿಡಿದಳು.

"ಗೋಡೆ ಬೆಳಿತೈತಲ್ಲೋ!"

"ಗೋಡೆ ಬೆಳಿತಿಲ್ಲ ಅಜ್ಜಿ, ನಾವೇ ಕೆಳಗೆ ಇಳಿತಿದೀವಿ," ಎಂದಳು ಮಗಳು. ಅವಳ ಅತ್ತೆ ದಾರಿಯಲ್ಲೇ ಹೇಳಿಕೊಟ್ಟಿದ್ದಳು.

ಮಗಳು ಹೇಳಿದ್ದು ನಿಜ. ಅನಾಹೈಮಿನ ಆ ಕೋಣೆ ಒಂದು ದೊಡ್ಡ ಲಿಫ್ಟು. ಬಂಗಲೆ ದಿಬ್ಬದೊಳಗೆ ಪುಟ್ಟದಾಗಿ ಕಾಣುತ್ತದೆ. ಒಳಗಿನ ಆಟಕ್ಕೆ ಬೇಕಾದಷ್ಟು ದೊಡ್ಡ ಕಟ್ಟಡಕ್ಕೆ ದಿಬ್ಬದೊಳಗೆ ಜಾಗವಿರಲಿಲ್ಲ. ಅದನ್ನು ದಿಬ್ಬದ ಆಚೆ ಕಟ್ಟಿದರು. ಜನರನ್ನು ಆಚೆ ದಾಟಿಸಬೇಕಾದರೆ ರೈಲು ಹಳಿಯ ಕೆಳಗೆ ಇಳಿಸಲೇಬೇಕಿತ್ತು. ಆ ಇಳಿತವನ್ನೇ ಕಥೆಯ ಭಾಗ ಮಾಡಿಬಿಟ್ಟರು. 1967ರಲ್ಲಿ ತೆರೆದ ಕಡಲ್ಗಳ್ಳರ ದೋಣಿಯಾತ್ರೆಯಲ್ಲೂ ಹಾಗೇ. ದೋಣಿ ಕತ್ತಲಲ್ಲಿ ಜಾರಿ ಕೆಳಗೆ ಬೀಳುತ್ತದಲ್ಲ, ಅದು ಜನ ಕಿರುಚಲಿ ಎಂದು ಮಾತ್ರ ಇಟ್ಟದ್ದಾಗಿರಲಿಲ್ಲ, ಹಳಿಯ ಕೆಳಗಿನಿಂದ ದಾಟಲು ಅದೇ ದಾರಿ. ಎಡವಟ್ಟಾದ ಜಾಗವನ್ನು ಹೀಗೆ ದೃಶ್ಯವನ್ನಾಗಿ ತಿರುಗಿಸುವುದನ್ನು ನೋಡಿದಾಗ ಕಸುಬುದಾರನಿಗೆ ಕೈಮುಗಿಯಬೇಕೆನಿಸುತ್ತದೆ.

ಮುಂದೆ ಬಂಗಲೆಯ ನಡುಮನೆ. ಮೇಲಿನ ಮೊಗಸಾಲೆಯಿಂದ ನಾವು ನೋಡುತ್ತಿದ್ದಂತೆ ಕೆಳಗೆ ದೆವ್ವಗಳು ಜೋಡಿ ಜೋಡಿಯಾಗಿ ಕುಣಿಯುತ್ತವೆ. ಅವುಗಳ ಮೈಯ ಮೂಲಕ ಹಿಂದಿನ ಕುರ್ಚಿ ಮೇಜು ಕಾಣುತ್ತವೆ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಪರದೆಯೂ ಬೇಕಿಲ್ಲ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ತೋರಿಸಿದ ವಿದ್ಯೆ ಇದು. ನಮಗೂ ನಡುಮನೆಗೂ ಮಧ್ಯೆ ಭಾರಿ ಗಾಜಿನ ಹಲಗೆಗಳಿವೆ. ಕುಣಿಯುವ ಬೊಂಬೆಗಳು ಇರುವುದು ನಮ್ಮ ಮೇಲೆ ಮತ್ತು ಕೆಳಗೆ, ನಮಗೆ ಕಾಣದ ಕತ್ತಲಲ್ಲಿ. ಅವುಗಳ ಮೇಲೆ ಬೆಳಕು ಬಿದ್ದಾಗ ಗಾಜಿನಲ್ಲಿ ಮೂಡುವ ಬಿಂಬವೇ ದೆವ್ವ. ಹೊರಗೆ ಬಂದು ನೆರಳಿನ ಬೆಂಚಿನ ಮೇಲೆ ಕೂತ ಮೇಲೆ ನಾನು ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಗಾಜು ಅಂತ ಗೊತ್ತಾತಲ್ಲಪ್ಪ, ಈಗ ಇನ್ನೊಂದ್ಸಲ ಕರ್ಕಂಡು ಹೋಗು, ಚೆನ್ನಾಗಿ ನೋಡ್ತೀನಿ," ಎಂದಳು.

ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಆ ಮಾತಿನಲ್ಲಿದೆ. ಇಂಥ ಜಾಗಗಳು ಜನರನ್ನು ಮೋಸಗೊಳಿಸುತ್ತವೆ, ನಿಜ ಯಾವುದು ಸುಳ್ಳು ಯಾವುದು ಎಂಬ ವಿವೇಚನೆಯನ್ನೇ ಕದಿಯುತ್ತವೆ ಎಂದು ವಿದ್ವಾಂಸರು ದೂರಿದ್ದಾರೆ. ಇಟಲಿಯ ಲೇಖಕ ಉಂಬರ್ಟೋ ಇಕೋ 1970ರ ದಶಕದಲ್ಲಿ ಅಮೆರಿಕ ಸುತ್ತಿ ಬರೆದ ಪ್ರಬಂಧ ಇಂಥ ದೂರುಗಳಲ್ಲಿ ಹೆಸರಾದದ್ದು. ನಿಜವಾದ ನದಿಯಲ್ಲಿ ದೋಣಿ ಹತ್ತಿದರೆ ಮೊಸಳೆ ಕಾಣುತ್ತದೆಂಬ ಖಾತರಿಯಿಲ್ಲ, ಡಿಸ್ನಿಲ್ಯಾಂಡಿನ ನದಿಯಲ್ಲಿ ಅದು ಹೊತ್ತಿಗೆ ಸರಿಯಾಗಿ ಬಾಯಿ ತೆರೆಯುತ್ತದೆ, ಆಮೇಲೆ ಜನಕ್ಕೆ ನಿಜವಾದ ನದಿಯೇ ಸಪ್ಪೆಯಾಗುತ್ತದೆ ಎಂಬುದು ಅವರ ವಾದ. ತೂಕದ ವಾದವೇ. ಕೃತಕ ಕಾಡನ್ನು ನೋಡಿ ಬಂದವರು ಬಂಡೀಪುರದಲ್ಲಿ ಹುಲಿ ಕಾಣಲಿಲ್ಲವೆಂದು ಗೊಣಗುವುದನ್ನು ನಾನೂ ಕೇಳಿದ್ದೇನೆ. ಆದರೂ ಇಕೋ ಅವರ ಮಾತು ನನಗೆ ಅರ್ಧಕ್ಕೆ ಮಾತ್ರ ಒಪ್ಪಿಗೆ. ಅಲ್ಲಿಗೆ ಬರುವ ಜನ ಪೆದ್ದರಾಗಿರುವುದಿಲ್ಲ. ಮೊಸಳೆ ರಬ್ಬರಿನದೆಂದು ಐದು ವರ್ಷದ ಮಗುವಿಗೂ ಗೊತ್ತು. ರಂಗದ ಮೇಲೆ ದುಶ್ಶಾಸನ ಸೀರೆಗೆ ಕೈ ಹಾಕಿದಾಗ ಕಣ್ಣೀರು ಹಾಕುವ ಹೆಂಗಸಿಗೆ, ಅವನು ಪಕ್ಕದ ಬೀದಿಯ ಮೇಷ್ಟ್ರು ಎಂದು ಗೊತ್ತಿಲ್ಲವೇ? ಗೊತ್ತಿದ್ದೂ ಅಳುತ್ತಾಳೆ. ಗೊತ್ತಿದ್ದೂ ಒಪ್ಪಿಕೊಳ್ಳುವುದರಲ್ಲಿ ಅವಳ ಪಾಲಿದೆ, ಅವಳ ಘನತೆಯಿದೆ. ಅವ್ವನಿಗೆ ಸಂತೋಷ ಕೊಟ್ಟದ್ದು ದೆವ್ವಕ್ಕಿಂತ ಹೆಚ್ಚಾಗಿ, ತನಗಾಗಿ ಯಾರೋ ಇಷ್ಟು ಕಷ್ಟಪಟ್ಟಿದ್ದಾರಲ್ಲ ಎಂಬ ಭಾವ. ಎತ್ತ ಕಣ್ಣು ಹಾಯಿಸಿದರೂ ಅಲ್ಲಿ ಯಾರೋ ಮೊದಲೇ ಬಂದು, ನಮ್ಮ ಕಣ್ಣಿನಿಂದ ನೋಡಿ, ಸರಿಮಾಡಿ ಹೋಗಿದ್ದಾರೆ. ಸಾಮಾನ್ಯ ಮನುಷ್ಯನಿಗೆ ಲೋಕದಲ್ಲಿ ಇಂಥ ಉಪಚಾರ ಎಷ್ಟು ಕಡೆ ಸಿಗುತ್ತದೆ? ಕಚೇರಿಯ ಕಿಟಕಿಯ ಮುಂದೆ, ಆಸ್ಪತ್ರೆಯ ಪಡಸಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ ನಮ್ಮ ಕಾಲಿನ ನೋವನ್ನು ಯಾರೂ ಮುಂಚಿತವಾಗಿ ಯೋಚಿಸಿರುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ಕಲೆ ಇನ್ನೊಂದು ಹೆಜ್ಜೆ ಇಟ್ಟಿದೆ. 2010ರಲ್ಲಿ ಫ್ಲೋರಿಡಾದ ಯೂನಿವರ್ಸಲ್ ಪಾರ್ಕಿನಲ್ಲಿ ಹ್ಯಾರಿ ಪಾಟರನ ಊರು ತೆರೆದಾಗ ಜನ ಮಾಂತ್ರಿಕರ ನಿಲುವಂಗಿ ತೊಟ್ಟು, ದಂಡ ಹಿಡಿದು, ಪುಸ್ತಕದಲ್ಲಿ ಓದಿದ್ದ ಪಾನೀಯ ಕುಡಿಯುತ್ತ ಬೀದಿಯಲ್ಲಿ ತಿರುಗಾಡಿದರು. ನೋಡಲು ಬಂದವರು ಪಾತ್ರಧಾರಿಗಳಾದರು. 2019ರ ಮೇ 31ರಂದು ಡಿಸ್ನಿಲ್ಯಾಂಡಿನಲ್ಲಿ ತೆರೆದ 14 ಎಕರೆಯ ಗ್ಯಾಲಕ್ಸೀಸ್ ಎಡ್ಜ್ ಇದನ್ನೇ ಹಟ ಹಿಡಿದು ಮುಂದುವರಿಸಿತು. ಸ್ಟಾರ್ ವಾರ್ಸ್ ಚಿತ್ರಗಳ ಲೋಕದಲ್ಲಿ ಬಟೂ ಎಂಬ ಗ್ರಹದ ಒಂದು ಹಾಳುಬಿದ್ದ ಸಂತೆಯೂರು ಅದು. ಬೋರ್ಡುಗಳಲ್ಲಿ ಕಲ್ಪನೆಯ ಲಿಪಿಯಿದೆ. ಕೋಕಾಕೋಲಾ ಬಾಟಲಿಯನ್ನೂ ಗುಂಡಗೆ ಮಾಡಿ ಆ ಲಿಪಿ ಹಾಕಿದ್ದರು. ಕಾಂಕ್ರೀಟು ಹಸಿಯಾಗಿದ್ದಾಗಲೇ ಯಂತ್ರಮಾನವರ ಗಾಲಿ ಗುರುತು ಒತ್ತಿದ್ದಾರೆ. ತೆರೆದ ಹೊಸದರಲ್ಲಿ ಸಿನಿಮಾದ ಪ್ರಸಿದ್ಧ ಸಂಗೀತ ಆ ಬೀದಿಗಳಲ್ಲಿ ಮೊಳಗುತ್ತಿರಲಿಲ್ಲ. ನಿಜವಾದ ಊರಿಗೆ ಹಿನ್ನೆಲೆ ಸಂಗೀತ ಇರುವುದಿಲ್ಲವಲ್ಲ ಎಂಬ ಹಟ. ಸಂತೆಯ ಗುಜುಗುಜು, ದೂರದಲ್ಲೆಲ್ಲೋ ಹಾರುವ ನೌಕೆಯ ಸದ್ದು, ಅಷ್ಟೇ. ನೂರಡಿಗೂ ಉದ್ದದ ಮಿಲೇನಿಯಮ್ ಫಾಲ್ಕನ್ ನೌಕೆ ಎದುರಿಗೆ ನಿಂತಿದೆ. ಒಳಗೆ ಆರಾರು ಜನರನ್ನು ಕೂರಿಸಿ ಇಬ್ಬರಿಗೆ ಚುಕ್ಕಾಣಿ, ಇಬ್ಬರಿಗೆ ಬಂದೂಕು, ಇಬ್ಬರಿಗೆ ದುರಸ್ತಿ ಎಂದು ಕೆಲಸ ಹಂಚುತ್ತಾರೆ.

ಅಲ್ಲಿ ಒಂದು ಅಂಗಡಿಯವನು ಮಗಳನ್ನು ಯಾವ ಗ್ರಹದವಳೆಂದು ಕೇಳಿದ. ಅವಳು ತಡವರಿಸದೆ ದಾವಣಗೆರೆ ಎಂದಳು. ಅವನು ನಗಲಿಲ್ಲ. ಆ ಗ್ರಹದಿಂದ ಬಂದವರನ್ನು ಇದೇ ಮೊದಲು ನೋಡುತ್ತಿರುವುದು, ನಿಮ್ಮಲ್ಲಿ ಎಷ್ಟು ಸೂರ್ಯರಿದ್ದಾರೆ, ನಮಗೆ ಮೂರು, ಎಂದ. ಒಂದೇ, ಆದರೆ ತುಂಬ ಬಿಸಿ, ಎಂದಳು ಇವಳು. ಅವನು ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ನಿಮಗೆ ನೆರಳಿನ ಬೆಲೆ ಗೊತ್ತಿರುತ್ತದೆ ಎಂದು ಹೇಳಿ ಅವಳಿಗೆ ಚಪ್ಪರದ ಕೆಳಗೆ ಜಾಗ ಬಿಟ್ಟ. ಕೋಟಿಗಟ್ಟಲೆ ಸುರಿದು ಕಟ್ಟಿದ ಬಂಡೆಗಳಿಗಿಂತ ಈ ಐದಾರು ಮಾತು ಅವಳನ್ನು ಆ ಊರಿನವಳನ್ನಾಗಿ ಮಾಡಿದವು. ಅವಳ ಉತ್ತರವನ್ನು ಅವನು ಕೇಳಿಸಿಕೊಂಡ, ಅದಕ್ಕೆ ತಕ್ಕ ಮಾತು ಹೊಸೆದ. ಒಳ್ಳೆಯ ಸಹನಟ ಮಾಡುವುದು ಇದನ್ನೇ. ನೌಕೆಯನ್ನು ನೀವು ಚೆನ್ನಾಗಿ ನಡೆಸಿದರೆ, ಕೆಟ್ಟದಾಗಿ ನಡೆಸಿದರೆ, ಊರಿನವರು ನಿಮ್ಮನ್ನು ಅದಕ್ಕೆ ತಕ್ಕಂತೆ ನಡೆಸಿಕೊಳ್ಳುತ್ತಾರೆ ಎಂದು ಕಟ್ಟುವ ಮೊದಲು ದೊಡ್ಡದಾಗಿ ಘೋಷಿಸಿದ್ದರು. ಅದು ಅಷ್ಟಾಗಿ ಕೈಗೂಡಲಿಲ್ಲ. ಯಂತ್ರಕ್ಕೆ ನೆನಪಿಡುವುದು ಸುಲಭ, ಎದುರಿಗೆ ನಿಂತು ಮಾತಾಡಲು ಮನುಷ್ಯರೇ ಬೇಕು, ಮನುಷ್ಯರಿಗೆ ಸಂಬಳ ಕೊಡಬೇಕು.

ಈ ದಾರಿಯ ಕೊನೆಯ ತುದಿ ಮುಟ್ಟಿದ್ದು ಫ್ಲೋರಿಡಾದ ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್. 2022ರ ಮಾರ್ಚ್ 1ರಂದು ಶುರುವಾದ ಆ ಹೋಟೆಲಿನ ಕಿಟಕಿಗಳಲ್ಲಿ ಹೊರಗಿನ ಫ್ಲೋರಿಡಾ ಕಾಣುತ್ತಿರಲಿಲ್ಲ, ಬಾಹ್ಯಾಕಾಶ ಕಾಣುತ್ತಿತ್ತು. ಎರಡು ರಾತ್ರಿ ಅಲ್ಲೇ ವಾಸ. ನಟರು ಹಗಲೂ ರಾತ್ರಿ ಪಾತ್ರದಲ್ಲೇ ಇದ್ದು ಅತಿಥಿಗಳನ್ನು ಕಥೆಗೆ ಎಳೆದುಕೊಳ್ಳುತ್ತಿದ್ದರು. ಯಾರು ಬಂಡಾಯಗಾರರ ಕಡೆ, ಯಾರು ಸರ್ವಾಧಿಕಾರದ ಕಡೆ ಎಂದು ಅತಿಥಿಗಳೇ ಆರಿಸಿಕೊಳ್ಳಬೇಕು. ಹೋಗಿ ಬಂದ ಅನೇಕರು ಹೊರಡುವಾಗ ಕಣ್ಣೀರು ಹಾಕಿದ್ದನ್ನು ಹೇಳಿಕೊಂಡಿದ್ದಾರೆ, ಆ ಕಣ್ಣೀರನ್ನು ನಾನು ನಂಬುತ್ತೇನೆ. ಆದರೆ ಇಬ್ಬರಿಗೆ ಸುಮಾರು 4,800 ಡಾಲರ್. ಅಷ್ಟು ಕೊಟ್ಟು ಬರುವವರು ಎಷ್ಟು ಮಂದಿ? 2023ರ ಸೆಪ್ಟೆಂಬರ್ ಕೊನೆಗೆ ಅದು ಮುಚ್ಚಿತು. ರಂಗಕಲೆಯ ದೃಷ್ಟಿಯಿಂದ ಅದೊಂದು ದೊಡ್ಡ ಸಾಹಸ, ಮುಚ್ಚಿದ್ದು ನನಗೆ ನೋವಿನ ಸಂಗತಿ. ಹಾಗೆಂದು ಅದರ ಬೆಲೆಯನ್ನು ಸಮರ್ಥಿಸಲಾರೆ. ಡಿಸ್ನಿಲ್ಯಾಂಡ್ ತೆರೆದ ವರ್ಷ ದೊಡ್ಡವರಿಗೆ ಪ್ರವೇಶದರ ಒಂದು ಡಾಲರ್ ಇತ್ತು, ಒಳಗಿನ ಆಟಗಳಿಗೆ ಬೇರೆ ಚೀಟಿ. ಈಗ ಒಂದು ದಿನದ ಟಿಕೆಟ್ ನೂರು ಡಾಲರಿಗೂ ಮೇಲೆ. ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತ ಅಪ್ಪನಿಗಾಗಿ ಹುಟ್ಟಿದ ಜಾಗ ಅಂಥ ಅಪ್ಪನ ಕೈಗೆ ಎಟುಕದಂತೆ ಆಗುತ್ತಿರುವುದು ಅದರ ಮೂಲ ಉದ್ದೇಶಕ್ಕೇ ಆದ ಗಾಯ.

ಇನ್ನೊಂದು ವಿಷಯವನ್ನೂ ನಾಟಕದವನಾಗಿ ಹೇಳಲೇಬೇಕು. ದಿಬ್ಬದೊಳಗಿನ ಊರನ್ನು ದಿನವೂ ಬದುಕಿಸುವವರು ಅಲ್ಲಿನ ಕೆಲಸಗಾರರು. ಜನ ಹೋದ ಮೇಲೆ ರಾತ್ರಿಯಿಡೀ ಬೀದಿ ತೊಳೆಯುವವರು, ಬಣ್ಣ ಹಚ್ಚುವವರು, ಹೂಗಿಡ ಬದಲಿಸುವವರು, ಬಿಸಿಲಿನಲ್ಲಿ ದಪ್ಪ ಮುಖವಾಡ ತೊಟ್ಟು ಮಕ್ಕಳನ್ನು ಅಪ್ಪಿಕೊಳ್ಳುವವರು. ಆ ಸಂಸ್ಥೆ ಅವರನ್ನು ನೌಕರರೆನ್ನದೆ ಪಾತ್ರವರ್ಗ ಎಂದೇ ಕರೆಯುತ್ತದೆ. ಹಾಗೆ ಕರೆದ ಮೇಲೆ ಪಾತ್ರಧಾರಿಗೆ ಸಲ್ಲಬೇಕಾದದ್ದೂ ಸಲ್ಲಬೇಕು. 2024ರ ಮೇ ತಿಂಗಳಲ್ಲಿ ಅಲ್ಲಿನ ವೇಷಧಾರಿಗಳು, ಮೆರವಣಿಗೆಯ ಕಲಾವಿದರು, ಒಟ್ಟು ಸುಮಾರು 1,700 ಮಂದಿ, ಮತ ಹಾಕಿ ಅಮೆರಿಕದ ರಂಗನಟರ ಸಂಘವಾದ ಆಕ್ಟರ್ಸ್ ಈಕ್ವಿಟಿಯನ್ನು ಸೇರಲು ತೀರ್ಮಾನಿಸಿದರು. ಅದು ನ್ಯಾಯವಾದ ತೀರ್ಮಾನ. ನಿಮ್ಮಲ್ಲಿ ಎಷ್ಟು ಸೂರ್ಯರಿದ್ದಾರೆ ಎಂದು ಕೇಳುವ ಮನುಷ್ಯನಿಗೆ ಮನೆ ಬಾಡಿಗೆಯ ಚಿಂತೆ ಇರಬಾರದು.

ನಮ್ಮಲ್ಲಿ ಇಂಥದ್ದೇನಿದೆ ಎಂದು ನೀವು ಕೇಳಬಹುದು. ನನಗೆ ತಟ್ಟನೆ ನೆನಪಾಗುವುದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ಹತ್ತಿರ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್. ಬಯಲಾಟದ ನಂಟಿದ್ದ ಕಲಾವಿದ ಟಿ.ಬಿ. ಸೊಲಬಕ್ಕನವರ್ ಅವರ ಕಲ್ಪನೆಯಲ್ಲಿ ಹೆದ್ದಾರಿಯ ಪಕ್ಕದಲ್ಲಿ ಎದ್ದ ಊರು ಅದು. ಆಳೆತ್ತರದ ಶಿಲ್ಪಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿ ಇದೆ: ಕಸುಬುದಾರರು, ದನಕರು, ಮನೆಯ ಅಂಗಳ, ಹರಟೆ ಕಟ್ಟೆ. ಅಲ್ಲಿ ಲಿಫ್ಟಿಲ್ಲ, ಗಾಜಿನ ದೆವ್ವವಿಲ್ಲ. ಆದರೆ ಅಲ್ಲಿ ನಾನು ಕಂಡದ್ದನ್ನು ಅನಾಹೈಮಿನಲ್ಲಿ ಕಾಣಲಿಲ್ಲ. ಡಿಸ್ನಿಲ್ಯಾಂಡಿನಲ್ಲಿ ಮೊಮ್ಮಗಳು ಮುಂದೆ, ಅವ್ವ ಹಿಂದೆ. ಗೊಟಗೋಡಿಯಲ್ಲಿ ಅವ್ವ ಮುಂದೆ. ಪ್ರತಿ ಶಿಲ್ಪದ ಮುಂದೆ ನಿಂತು, ಇದು ಏನು, ಇದನ್ನು ಹಿಡಿಯುವುದು ಹೇಗೆ, ನಮ್ಮ ತವರಿನಲ್ಲಿ ಇದು ಎಲ್ಲಿರುತ್ತಿತ್ತು ಎಂದು ಅವಳು ಹೇಳುತ್ತ ಹೋದಳು. ಎತ್ತಿಗೆ ನೊಗ ಕಟ್ಟಿದ ರೀತಿಯನ್ನು ಬಗ್ಗಿ ನೋಡಿ, ಸರಿಯಾಗಿ ಕಟ್ಟ್ಯಾರೆ ಎಂದು ಒಪ್ಪಿಗೆ ಕೊಟ್ಟಳು. ಸಂದರ್ಶಕರಿಗೆ ಆ ಲೋಕದಲ್ಲಿ ಪಾತ್ರ ಕೊಡಲು ದೊಡ್ಡ ದೊಡ್ಡ ಕಂಪನಿಗಳು ಪಡುವ ಪಾಡನ್ನು ನೆನೆದರೆ, ಇಲ್ಲಿ ಒಬ್ಬ ಅಜ್ಜಿಗೆ ಮುಖ್ಯ ಪಾತ್ರ ತಾನಾಗಿ ಸಿಕ್ಕಿತ್ತು. ಮಗಳು ಅವತ್ತು ಕೇಳಿದ ಪ್ರಶ್ನೆಗಳು ಮನೆಯಲ್ಲಿ ಎಂದೂ ಹುಟ್ಟಿರಲಿಲ್ಲ.

ನಮ್ಮ ನಾಡಿನಲ್ಲೂ ಈಗ ಪಾರ್ಕುಗಳು, ವಸ್ತುಸಂಗ್ರಹಾಲಯಗಳು, ವಸ್ತುಪ್ರದರ್ಶನಗಳು ಹೊಸದಾಗಿ ಏಳುತ್ತಿವೆ. ಅವುಗಳನ್ನು ಕಟ್ಟುವವರಿಗೆ, ಹಣ ಮಂಜೂರು ಮಾಡುವವರಿಗೆ ನನ್ನದೊಂದು ವಿನಂತಿ. ಪರದೇಶದ ಕೋಟೆಮನೆಯನ್ನು ಸಿಮೆಂಟಿನಲ್ಲಿ ನಕಲು ಮಾಡಬೇಡಿ. ಯಂತ್ರಗಳ ಪಟ್ಟಿ ಬರೆಯುವ ಮೊದಲು ಒಬ್ಬ ಮುದುಕಿಯನ್ನೂ ಒಂದು ಮಗುವನ್ನೂ ಕರೆದುಕೊಂಡು ಆ ನೆಲದ ಮೇಲೆ ಒಂದು ಮಧ್ಯಾಹ್ನ ನಡೆಯಿರಿ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನೆರಳು ಹುಡುಕುತ್ತಾರೆ, ಯಾವುದನ್ನು ನೋಡಿ ಮುಖ ತಿರುಗಿಸುತ್ತಾರೆ ಎಂದು ಬರೆದುಕೊಳ್ಳಿ. ಕಾರು ನಿಲ್ಲಿಸುವ ಜಾಗಕ್ಕೂ ಒಳಗಿನ ಜಾಗಕ್ಕೂ ನಡುವೆ ಮಣ್ಣು ಒಟ್ಟಿ ಗಿಡ ನೆಡಿ. ಅದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ. ಜನರೇಟರನ್ನು ದೂರ ಇಡಿ. ಕುಡಿಯುವ ನೀರು, ಕೂರಲು ಬೆಂಚು, ಶುಚಿಯಾದ ಶೌಚಾಲಯ ಇವು ಕಥೆಯ ಹೊರಗಿನ ಸಂಗತಿಗಳೆಂದು ತಿಳಿಯಬೇಡಿ. ಆ ಊರಿನ ಕಲಾವಿದರನ್ನು ಕೆಲಸಕ್ಕೆ ಕರೆಯಿರಿ, ಕರೆದ ಮೇಲೆ ಕೈತುಂಬ ಕೂಲಿ ಕೊಡಿ. ಟಿಕೆಟಿನ ದರವನ್ನು ಕೂಲಿಕಾರರ ಮಕ್ಕಳೂ ವರ್ಷಕ್ಕೊಮ್ಮೆ ಬರುವಷ್ಟರಲ್ಲಿ ಇಡಿ.